ಸಿಂಗಣ್ಣನ ಮುಪ್ಪು

"ಗುರುಗಳೇ, ದೊಡ್ಡವರು ದೊಡ್ಡವರಾಗಿ ಇರುವಾಗಲೇ ಹೋಗಿಬಿಡುವುದು ಒಳ್ಳೆಯದಲ್ಲವೇ?" ಎಂದು ಶಿಷ್ಯ ಕೇಳಿದ.

ಮಠದ ಹಿರಿಯ ಸ್ವಾಮಿಗಳ ಆರೈಕೆ ಅವನ ಪಾಲಿಗೆ ಬಂದಿತ್ತು. ಒಂದು ಕಾಲಕ್ಕೆ ಅವರು ಎದ್ದು ನಿಂತರೆ ವಾದಕ್ಕೆ ಬಂದ ಪಂಡಿತರು ಕಲಿತದ್ದನ್ನು ಮರೆಯುತ್ತಿದ್ದರಂತೆ. ಈಗ ಅವರಿಗೇ ಎಲ್ಲವೂ ಮರೆತಿತ್ತು. ತುತ್ತು ಬಾಯಿಗಿಟ್ಟರೆ ಅಗಿಯುವುದು ನೆನಪಾಗಲು ಹೊತ್ತು ಬೇಕಿತ್ತು. ಶಿಷ್ಯನಿಗೆ ಆ ಸೇವೆಯಲ್ಲಿ ಬೇಸರವಿರಲಿಲ್ಲ, ಸಂಕಟವಿತ್ತು. ವಾದ ಗೆಲ್ಲುತ್ತಿದ್ದ ದಿನಗಳಲ್ಲೇ ಅವರು ಲಿಂಗೈಕ್ಯರಾಗಿದ್ದರೆ ಜನ ಆ ರೂಪವನ್ನೇ ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಉಳಿದ ಈ ವರ್ಷಗಳಿಂದ ಯಾರಿಗೆ ಏನು ಬಂತು ಎಂಬುದು ಅವನ ಪ್ರಶ್ನೆಯಾಗಿತ್ತು.

ಗುರುಗಳು ನೇರವಾಗಿ ಉತ್ತರ ಕೊಡಲಿಲ್ಲ. ಮಠಕ್ಕೆ ಔಷಧ ತಂದುಕೊಡುವ ಚನ್ನವೀರಯ್ಯನನ್ನು ನೋಡಿದ್ದೀಯಲ್ಲ, ಅವನೇ ನನಗೆ ಹೇಳಿದ ಸಂಗತಿ ಇದು ಎಂದು ಕತೆ ಆರಂಭಿಸಿದರು.

ಒಂದು ಪೇಟೆಯಲ್ಲಿ ನಾಲ್ವರು ಸ್ನೇಹಿತರು. ಚನ್ನವೀರಯ್ಯನದು ಔಷಧದ ಅಂಗಡಿ. ಇನ್ನೊಬ್ಬ ಗಡಿಯಾರ ರಿಪೇರಿ ಮಾಡುವವನು. ಒಬ್ಬಾಕೆ ಆಸ್ಪತ್ರೆಯಲ್ಲಿ ದಾದಿ. ಮತ್ತೊಬ್ಬರು ಶಾಲೆಯ ಮೇಷ್ಟರು. ಭಾನುವಾರ ಊಟವಾದ ಮೇಲೆ ಅವರು ಮೇಷ್ಟರ ಮನೆಯಲ್ಲಿ ಮೇಜಿನ ಸುತ್ತ ಕೂರುತ್ತಿದ್ದರು. ಅವರದು ಒಂದು ಆಟ. ಮೇಷ್ಟರು ಕತೆ ಹೇಳುತ್ತಾರೆ. ಉಳಿದ ಮೂವರೂ ತಮಗೆ ಬೇಕಾದ ಒಬ್ಬೊಬ್ಬ ಮನುಷ್ಯನನ್ನು ಕಲ್ಪಿಸಿಕೊಂಡು ಆ ಕತೆಯೊಳಗೆ ಹೋಗುತ್ತಾರೆ. ಎದುರಿಗೆ ಹೊಳೆ ಬಂತು, ಏನು ಮಾಡುತ್ತೀರಿ ಎಂದು ಮೇಷ್ಟರು ಕೇಳುತ್ತಾರೆ. ಈಜುತ್ತೇನೆ ಎಂದು ಒಬ್ಬ ಹೇಳುತ್ತಾನೆ. ದಡ ಸೇರಿದನೋ ಮುಳುಗಿದನೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ದಾಳದ ಮಾತಿಗೆ ಎದುರು ಮಾತಿಲ್ಲ. ಕತೆಯಲ್ಲಿ ಸತ್ತವನು ಸತ್ತಂತೆಯೇ. ಆಡುವವನು ಹೊಸಬನನ್ನು ಹುಟ್ಟಿಸಿಕೊಂಡು ಮತ್ತೆ ಬರಬೇಕು.

ಕತೆಯ ನಾಡಿನಲ್ಲಿ ಒಂದು ಕಣಿವೆ ಇತ್ತು. ಅದರ ಆಚೆ ಕೊಳ್ಳೆಗಾರರು, ಈಚೆ ಹಳ್ಳಿಗಳು. ಗಡಿಯಾರದವನು ಹುಟ್ಟಿಸಿದವನ ಹೆಸರು ಸಿಂಗಣ್ಣ. ಅವನು ಕಣಿವೆಯ ಕಾವಲುಗಾರ. ದಾದಿಯ ಮನುಷ್ಯ ಬೇರು ನಾರು ಬಲ್ಲ ಒಬ್ಬ ಸಣ್ಣ ಆಳು. ಇವರಿಬ್ಬರೂ ಬಹಳ ಕಾಲ ಉಳಿದರು. ಚನ್ನವೀರಯ್ಯನ ಕೈಯಲ್ಲಿ ಮಾತ್ರ ಯಾರೂ ಬಾಳುತ್ತಿರಲಿಲ್ಲ. ಒಬ್ಬ ಉರಿಯುವ ಕಣಜದೊಳಗೆ ನುಗ್ಗಿದ. ಇನ್ನೊಬ್ಬ ವೈರಿಯ ಬಾವುಟವನ್ನು ಕಿತ್ತುಕೊಂಡು ಅದರ ಸಮೇತ ಗೋಡೆಯಿಂದ ಹಾರಿದ. ಅಂಥ ಸಾವು ಬಂದಾಗಲೆಲ್ಲ ಮೇಜಿನ ಸುತ್ತ ಚಪ್ಪಾಳೆ. ಚನ್ನವೀರಯ್ಯ ಎದ್ದು ನಿಂತು ನಗುತ್ತ ಎಲ್ಲರಿಗೂ ಕೈಮುಗಿಯುತ್ತಿದ್ದ.

ಅದಕ್ಕೆ ಕಾರಣವಿತ್ತು. ಅವನ ತಂದೆ ಹಾಸಿಗೆ ಹಿಡಿದು, ಬಹಳ ಕಾಲ ನರಳಿ ತೀರಿಕೊಂಡಿದ್ದರು. ಆ ಕೋಣೆಯ ವಾಸನೆ ಅವನ ಮನಸ್ಸಿನಿಂದ ಹೋಗಿರಲಿಲ್ಲ. ದಿನವೆಲ್ಲ ಅಂಗಡಿಯಲ್ಲಿ ಕೆಮ್ಮುವವರಿಗೂ ನೋಯುವವರಿಗೂ ಮಾತ್ರೆ ಕೊಡುವ ಬದುಕು ಅವನದು. ಆಟದಲ್ಲಾದರೂ ಹಾಸಿಗೆಯ ಸಾವು ಬೇಡ ಎಂದು ಅವನು ನಿಶ್ಚಯಿಸಿದ್ದ.

ಸಿಂಗಣ್ಣನೇನೂ ಹೇಡಿಯಾಗಿರಲಿಲ್ಲ. ಕಾದಾಟ ಬಂದರೆ ಮುಂದೆ ಇರುತ್ತಿದ್ದವನು ಅವನೇ. ದಾಳ ಅವನನ್ನು ಉಳಿಸುತ್ತ ಬಂದಿತ್ತು, ಅಷ್ಟೇ. ಕತೆಯಲ್ಲಿ ವರ್ಷಗಳು ಉರುಳಿದವು. ಮೇಷ್ಟರು ವಯಸ್ಸಿನ ಲೆಕ್ಕದಲ್ಲಿ ಕಟ್ಟುನಿಟ್ಟು. ಸಿಂಗಣ್ಣನ ಮೀಸೆ ಬೆಳ್ಳಗಾಯಿತು. ಕಣ್ಣು ಮಂಜಾಯಿತು. ಏರು ಬಂದರೆ ಉಳಿದವರು ನಿಂತು ಕಾಯಬೇಕಾಯಿತು. ಅವನಿಂದಾಗಿ ಆಟ ನಿಧಾನವಾಯಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲವಾದರೂ ಎಲ್ಲರಿಗೂ ಅದು ಗೊತ್ತಿತ್ತು. ಗಡಿಯಾರದವನಿಗೂ ಗೊತ್ತಿತ್ತು.

ಒಂದು ದಿನ ಮೇಷ್ಟರು ಗಡಿಯಾರದವನ ಅಂಗಡಿಗೆ ಬಂದರು. ಸಿಂಗಣ್ಣನಿಗೆ ತಕ್ಕ ಸಾವೊಂದನ್ನು ಯೋಚಿಸಿದ್ದೇನೆ ಎಂದರು. ಕೊಳ್ಳೆಗಾರರು ದಂಡು ಕಟ್ಟಿಕೊಂಡು ಬರುತ್ತಾರೆ. ಹಳ್ಳಿಯವರು ತಪ್ಪಿಸಿಕೊಳ್ಳುವವರೆಗೆ ಸಿಂಗಣ್ಣ ಒಬ್ಬನೇ ಕಣಿವೆಯ ಬಾಯಲ್ಲಿ ನಿಲ್ಲುತ್ತಾನೆ. ಅಲ್ಲೇ ಬೀಳುತ್ತಾನೆ. ಬಿದ್ದ ಜಾಗದಲ್ಲಿ ಜನ ವೀರಗಲ್ಲು ನಿಲ್ಲಿಸುತ್ತಾರೆ. ಗಡಿಯಾರದವನು ಕೈಯಲ್ಲಿದ್ದ ಕೆಲಸವನ್ನು ಕೆಳಗಿಟ್ಟ. ಆಮೇಲೆ ಆಗಲಿ ಎಂದ. ಅವನಿಗೆ ಸಂತೋಷವೂ ಆಯಿತು.

ಆ ಭಾನುವಾರ ಬಂತು. ಸಿಂಗಣ್ಣ ಕಣಿವೆಯ ಬಾಯಲ್ಲಿ ನಿಂತ. ಗಡಿಯಾರದವನು ದಾಳ ಉರುಳಿಸಿದ. ಮೊದಲ ಏಟಿಗೇ ಕೊಳ್ಳೆಗಾರರ ನಾಯಕ ಬಿದ್ದ. ಮತ್ತೆ ಉರುಳಿಸಿದ. ಸಿಂಗಣ್ಣನ ತೊಡೆ ಸೀಳಿತು, ಆದರೆ ಅವನು ಸಾಯಲಿಲ್ಲ. ನಾಯಕನಿಲ್ಲದ ದಂಡು ಹಿಂದಕ್ಕೆ ಓಡಿತು. ಮೇಷ್ಟರು ಸಿದ್ಧಮಾಡಿಕೊಂಡು ಬಂದಿದ್ದ ಕೊನೆಯ ಮಾತು ಅವರ ಬಾಯಲ್ಲೇ ಉಳಿಯಿತು.

ರಕ್ತ ಹೋಗಿ ಸತ್ತ ಎಂದುಬಿಡಿ, ಇನ್ನೇಕೆ ಎಳೆಯುವುದು ಎಂದು ಚನ್ನವೀರಯ್ಯ ಹೇಳಿದ.

"ಉಸಿರಾಡುತ್ತಿದ್ದಾನೆಯೇ?" ಎಂದು ದಾದಿ ಕೇಳಿದಳು.

"ಆಡುತ್ತಿದ್ದಾನೆ," ಎಂದರು ಮೇಷ್ಟರು.

"ಹಾಗಾದರೆ ಎತ್ತಿಕೊಂಡು ಹೋಗಬೇಕು."

ದಾದಿಯ ಸಣ್ಣ ಆಳಿಗೆ ಅವನನ್ನು ಎತ್ತುವ ಶಕ್ತಿ ಇರಲಿಲ್ಲ. ಚನ್ನವೀರಯ್ಯನ ಹೊಸ ಪಾತ್ರ ಉಡಚಿ ಎಂಬ ಹೆಂಗಸು. ಕೋಟೆಯ ಗೋಡೆಗಳನ್ನು ಉಡದಂತೆ ಹತ್ತುವವಳು, ಗಟ್ಟಿ ತೋಳಿನವಳು. ಬೇರೆ ದಾರಿಯಿರಲಿಲ್ಲ. ಒಲ್ಲದ ಮನಸ್ಸಿನಿಂದ ಅವನು, ಉಡಚಿ ಹೊತ್ತುಕೊಳ್ಳುತ್ತಾಳೆ ಎಂದ. ಕಣಿವೆಗೆ ಹತ್ತಿರದ ಮನೆ ಅವಳದೇ. ಸಿಂಗಣ್ಣನನ್ನು ಅಲ್ಲೇ ಮಲಗಿಸಿದರು. ಗಾಯ ಮಾಯಿತು. ಕಾಲು ಮಾತ್ರ ಮತ್ತೆ ಸರಿಹೋಗಲಿಲ್ಲ. ಅವನು ಆ ಮನೆಯಲ್ಲೇ ಉಳಿದ.

ಆಟ ಶುರುವಾಗುವ ಮೊದಲು ಯಾರು ಎಲ್ಲಿದ್ದೀರಿ, ಮನೆಯಲ್ಲಿ ಏನು ನಡೆದಿದೆ ಎಂದು ಕೇಳುವುದು ಮೇಷ್ಟರ ರೂಢಿ. ಇನ್ನು ಮೇಲೆ ಚನ್ನವೀರಯ್ಯ ಮುದುಕನ ಸಂಗತಿಯನ್ನೂ ಹೇಳಬೇಕಾಯಿತು. ಅಂಬಲಿ ಕುಡಿಸಿದೆ ಎನ್ನುತ್ತಿದ್ದ. ಹಾಸಿಗೆ ಬಿಸಿಲಿಗೆ ಹಾಕಿದೆ ಎನ್ನುತ್ತಿದ್ದ. ಮೊದಮೊದಲು ಸಿಡುಕಿನಿಂದ ಹೇಳುತ್ತಿದ್ದ. ಒಮ್ಮೆ ತಡೆಯಲಾರದೆ ಗಡಿಯಾರದವನ ಕಡೆ ತಿರುಗಿದ.

"ಇಷ್ಟೆಲ್ಲ ಮಾಡುತ್ತೇನಲ್ಲ, ನಿನ್ನ ಮುದುಕ ದಿನವಿಡೀ ಏನು ಮಾಡುತ್ತಾನೆ?"

"ಬಾಗಿಲಲ್ಲಿ ಕೂತು ದಾರಿ ನೋಡುತ್ತಾನೆ," ಎಂದ ಗಡಿಯಾರದವನು.

"ಯಾರ ದಾರಿ?"

"ಉಡಚಿಯ ದಾರಿ. ಅವಳು ಬಂದ ಮೇಲೆ ಒಳಗೆ ಹೋಗುತ್ತಾನೆ."

ಚನ್ನವೀರಯ್ಯ ಮತ್ತೆ ಆ ಮಾತು ತೆಗೆಯಲಿಲ್ಲ. ಆದರೆ ಅಂದಿನಿಂದ ಅವನ ಸಿಡುಕು ಕಡಿಮೆಯಾಯಿತು. ಮುದುಕನಿಗೆ ಚಳಿಗಾಲಕ್ಕೊಂದು ಕಂಬಳಿ ಬೇಕು ಎಂದು ಕೊಳ್ಳೆಗಾರರಿಂದ ಕಿತ್ತುಕೊಂಡದ್ದನ್ನು ಹಂಚಿಕೊಳ್ಳುವಾಗ ತನ್ನ ಪಾಲಿನ ಬಂಗಾರ ಬಿಟ್ಟು ಕಂಬಳಿ ತೆಗೆದುಕೊಂಡ. ದಾದಿಯ ಆಳನ್ನು ಕರೆದು ಕಣ್ಣಿಗೆ ಹಾಕುವ ಸೊಪ್ಪು ಯಾವುದೆಂದು ಕೇಳಿದ. ಮೇಷ್ಟರು ಒಳಗೊಳಗೇ ನಕ್ಕರು. ಮುಖದಲ್ಲಿ ತೋರಿಸಲಿಲ್ಲ.

ಮಳೆಗಾಲದ ಒಂದು ಭಾನುವಾರ ಕೊಳ್ಳೆಗಾರರ ಕೋಟೆಯೇ ಎದುರಾಯಿತು. ಗೋಡೆ ನೆನೆದು ಪಾಚಿಗಟ್ಟಿತ್ತು. ಹತ್ತಿ ಹೋಗಿ ಮದ್ದಿನ ಮನೆಗೆ ಬೆಂಕಿಯಿಟ್ಟರೆ ಕೋಟೆ ಹಾರಿಹೋಗುತ್ತದೆ, ಇಟ್ಟವರು ಹಿಂದಿರುಗುವ ಆಸೆ ಇಲ್ಲ ಎಂದು ಮೇಷ್ಟರು ಹೇಳಿದರು. ಚನ್ನವೀರಯ್ಯನ ಇಷ್ಟು ವರ್ಷದ ಆಟಕ್ಕೆ ಇದಕ್ಕಿಂತ ಒಳ್ಳೆಯ ಸಾವು ಬಂದಿರಲಿಲ್ಲ. ಉಳಿದವರು ಚಪ್ಪಾಳೆಗೆ ಸಿದ್ಧರಾಗಿ ಕೂತರು. ಅವನು ದಾಳವನ್ನು ಕೈಗೆತ್ತಿಕೊಂಡ. ಬಹಳ ಹೊತ್ತು ಹಿಡಿದುಕೊಂಡೇ ಇದ್ದ. ಆಮೇಲೆ ಅದನ್ನು ಮೇಜಿನ ಮೇಲೆ ಇಟ್ಟುಬಿಟ್ಟ.

"ಉಡಚಿ ಹತ್ತುವುದಿಲ್ಲ," ಎಂದ. "ಅವಳು ಬರದಿದ್ದರೆ ಅಜ್ಜ ಬಾಗಿಲಲ್ಲೇ ಕೂತಿರುತ್ತಾನೆ."

ಯಾರೂ ನಗಲಿಲ್ಲ. ಬೇರೆ ದಾರಿ ಹುಡುಕಿದರು. ಕೋಟೆಗೆ ಸೊಪ್ಪು ಸೌದೆ ಹೊರುವವರ ಸ್ನೇಹ ಮಾಡಿಕೊಂಡರು, ಒಳಗಿನ ಜಗಳ ತಿಳಿದುಕೊಂಡರು, ಒಬ್ಬೊಬ್ಬರನ್ನೇ ಮಾತಿನಿಂದ ತಮ್ಮ ಕಡೆಗೆ ಎಳೆದುಕೊಂಡರು. ಅದಕ್ಕೆ ಭಾನುವಾರಗಳ ಮೇಲೆ ಭಾನುವಾರಗಳು ಹಿಡಿದವು. ಬಾಗಿಲು ಕೊನೆಗೆ ಒಳಗಿನಿಂದಲೇ ತೆರೆಯಿತು. ಹಾಡಿ ಹೊಗಳುವಂಥದ್ದು ಏನೂ ನಡೆಯಲಿಲ್ಲ. ಎಲ್ಲರೂ ಮನೆಗೆ ಬಂದರು.

ಕತೆಯಲ್ಲಿ ಇನ್ನೂ ಕೆಲವು ವರ್ಷ ಹೋದವು. ಒಂದು ದಿನ ಮೇಷ್ಟರು ರೂಢಿಯಂತೆ ಎಲ್ಲರನ್ನೂ ವಿಚಾರಿಸಿದರು. ಗಡಿಯಾರದವನ ಸರದಿ ಬಂದಾಗ ಅವನು, ಸಿಂಗಣ್ಣ ಇವತ್ತು ಏಳಲಿಲ್ಲ ಎಂದ.

"ದಾಳ ಹಾಕುತ್ತೀಯಾ?" ಎಂದು ಮೇಷ್ಟರು ಮೆಲ್ಲಗೆ ಕೇಳಿದರು.

"ಬೇಡ ಮೇಷ್ಟ್ರೇ. ಅವನಿಗೆ ವಯಸ್ಸಾಗಿತ್ತು."

ಚಪ್ಪಾಳೆ ಕೇಳಲಿಲ್ಲ. ಚನ್ನವೀರಯ್ಯ ಎದ್ದು ಹಿತ್ತಲ ನಲ್ಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ. ಉಡಚಿ ಏನು ಮಾಡುತ್ತಾಳೆ ಎಂದು ಮೇಷ್ಟರು ಕೇಳಿದರು. ನೀರು ಕಾಯಿಸುತ್ತಾಳೆ ಎಂದ. ಆಮೇಲೆ ಒಂದೊಂದನ್ನೇ ನಿಧಾನವಾಗಿ ಹೇಳಿದ. ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಮೀಸೆ ಒರೆಸುತ್ತಾಳೆ. ಸೀಳಿದ್ದ ಕಾಲನ್ನು ಹುಷಾರಾಗಿ ತೊಳೆಯುತ್ತಾಳೆ, ಇನ್ನೂ ನೋಯುತ್ತದೇನೋ ಎಂಬಂತೆ. ಅವನ ತಂದೆ ತೀರಿಕೊಂಡ ದಿನ ಆ ಕೋಣೆಯೊಳಗೆ ಹೋಗಲು ಅವನ ಕಾಲು ಬಂದಿರಲಿಲ್ಲ. ಸ್ನಾನ ಮಾಡಿಸಿದವರು ಅಕ್ಕಪಕ್ಕದವರು. ಅದು ಮೇಜಿನ ಸುತ್ತ ಇದ್ದವರಿಗೆಲ್ಲ ಗೊತ್ತಿತ್ತು. ದಾದಿ ಅವನ ಬೆನ್ನ ಮೇಲೆ ಕೈಯಿಟ್ಟು, ಅವನು ಹೇಳಿ ಮುಗಿಸುವವರೆಗೂ ತೆಗೆಯಲಿಲ್ಲ. ಸಿಂಗಣ್ಣನಿಗೆ ವೀರಗಲ್ಲು ನಿಲ್ಲಿಸೋಣವೇ ಎಂದು ಮೇಷ್ಟರು ಕೇಳಿದ್ದಕ್ಕೆ ಚನ್ನವೀರಯ್ಯನೇ ಬೇಡವೆಂದ. ಮನೆಯ ಹಿಂದೆ ಮಣ್ಣು ಮಾಡಿದರು.

ಗುರುಗಳು ಕತೆ ನಿಲ್ಲಿಸಿದರು. ಉಡಚಿ ಆಮೇಲೆ ಯಾವ ಕಾಳಗದಲ್ಲಿ ಸತ್ತಳು ಎಂದು ಶಿಷ್ಯ ವಿಚಾರಿಸಿದ. ಅವಳು ಸತ್ತಿಲ್ಲ, ಆಟ ಇನ್ನೂ ನಡೆದಿದೆ, ಅವಳಿಗೂ ಈಗ ತಲೆ ನೆರೆತಿದೆಯಂತೆ ಎಂದರು ಗುರುಗಳು.

ಶಿಷ್ಯನ ಮನಸ್ಸು ಪೂರ್ತಿ ತಿಳಿಯಾಗಲಿಲ್ಲ. "ಸಿಂಗಣ್ಣನಿಗೆ ಉಡಚಿಯ ಗುರುತಿತ್ತು, ಗುರುಗಳೇ. ನಮ್ಮ ಹಿರಿಯರಿಗೆ ನನ್ನ ಗುರುತೂ ಇಲ್ಲ. ಬೆಳಗಾದರೆ ನನ್ನ ಮುಖ ನೋಡಿ, ನೀನು ಯಾರು ಎಂದು ಕೇಳುತ್ತಾರೆ."

ಗುರುಗಳು ಎದ್ದು ನಿಂತರು.

"ಆ ಪ್ರಶ್ನೆಗೆ ನೀನು ಉತ್ತರ ಕಂಡುಕೊಳ್ಳಲಿ ಎಂದೇ ಅವರು ಉಳಿದಿದ್ದಾರೆ."