ದೇಮಿಯಬ್ಬೆಯ ಓದುಗಲ್ಲು

ಕಗ್ಗಲ್ಲೂರಿನ ಬಸದಿಯ ಹಿಂದೆ ಗುಡ್ಡ ಹತ್ತುವ ದಾರಿಯಲ್ಲಿ ಹತ್ತು ಜನ ಕೂರಬಹುದಾದ ಚಪ್ಪಟೆ ಬಂಡೆಯೊಂದಿದೆ. ಅದರ ಗುಳಿಗಳಲ್ಲಿ ನಿಂತ ಮಳೆನೀರನ್ನು ಮೇಕೆಗಳು ಕುಡಿದು ಹೋಗುತ್ತವೆ. ಊರವರು ಅದನ್ನು ಓದುಗಲ್ಲು ಎನ್ನುತ್ತಾರೆ. ಅಲ್ಲಿ ಓದಿದವಳು ದೇಮಿಯಬ್ಬೆ ಎಂಬ ಚಿತ್ರಗಾರ್ತಿ.

ಹಿಂದೆ ಒಮ್ಮೆ, ಹೊಯ್ಸಳರ ಕಾಲವಿರಬೇಕು, ಈ ಬಸದಿಯಲ್ಲಿ ಒಂದು ಹಳೆಯ ಗ್ರಂಥವಿತ್ತು. ಅದರ ಪ್ರತಿ ಬೇರೆಲ್ಲೂ ಇರಲಿಲ್ಲ. ತಾಳೆಗರಿಗಳು ಪುಡಿಯಾಗತೊಡಗಿದ್ದನ್ನು ಕಂಡು ವೃದ್ಧರಾದ ಕುಮುದನಂದಿ ಆಚಾರ್ಯರು ಹೊಸ ಪ್ರತಿ ಮಾಡಿಸಲು ಹೊರಟರು. ಅಕ್ಷರ ಬರೆಯಲು ಉದಯಣ್ಣನೆಂಬ ಲಿಪಿಕಾರ ಬಂದ. ಗರಿಯ ನಡುವೆ ಬಿಟ್ಟ ಎರಡು ಬೆರಳಗಲದ ಜಾಗದಲ್ಲಿ ಚಿತ್ರ ಬಿಡಿಸುವ ಕೆಲಸ ದೇಮಿಯಬ್ಬೆಯದಾಯಿತು. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ಬಸದಿಯ ಆಶ್ರಯಕ್ಕೆ ಬಂದಿದ್ದ ಅವಳು, ಅಳಿಲಿನ ಬಾಲದ ಕೂದಲಿನ ಕುಂಚದಿಂದ ಯಕ್ಷಿಯ ಕಣ್ಣೆವೆಯನ್ನೂ ಎಣಿಸುವಂತೆ ಬರೆಯಬಲ್ಲವಳಾಗಿದ್ದಳು. ಆದರೆ ಗ್ರಂಥವನ್ನು ಪೂರ್ತಿ ಕೇಳದೆ ಕುಂಚ ಮುಟ್ಟಲು ಅವಳು ಒಪ್ಪಲಿಲ್ಲ. ಆಚಾರ್ಯರು ಒಂದು ವರ್ಷ ದಿನವೂ ಓದಿ ಅರ್ಥ ಹೇಳಿದರು.

“ಬಣ್ಣ ಹಚ್ಚುವುದಕ್ಕೆ ಇಷ್ಟೆಲ್ಲ ಯಾಕಮ್ಮಾ?” ಎಂದು ಉದಯಣ್ಣ ನಕ್ಕ.

“ನನಗೇ ತಿಳಿಯದ್ದನ್ನು ಹೇಗೆ ಬಿಡಿಸಲಿ, ಅಣ್ಣಾ?”

ಆರು ವರ್ಷ ಕೆಲಸ ಸಾಗಿತು. ಅಷ್ಟರಲ್ಲಿ ಆಚಾರ್ಯರಿಗೆ ವಾತ ಬಡಿದು ಮಾತು ನಿಂತುಹೋಯಿತು. ಅದೇ ಮಳೆಗಾಲದಲ್ಲಿ ಹಳೆಯ ಪ್ರತಿಗೆ ಗೆದ್ದಲು ಹತ್ತಿತು. ಬರೆಯಲು ಉಳಿದಿದ್ದ ಕೊನೆಯ ಹನ್ನೆರಡು ಗರಿಗಳು ಉದಯಣ್ಣನ ಕೈಯಲ್ಲೇ ಮಣ್ಣಾದವು. ಅವನು ತಲೆಯ ಮೇಲೆ ಕೈಹೊತ್ತು ಕುಳಿತ.

ದೇಮಿಯಬ್ಬೆಗೆ ತಾನು ಒಂದು ಪದ ತಪ್ಪಿದರೂ ಆ ತಪ್ಪೇ ಮುಂದಿನವರಿಗೆ ಶಾಸ್ತ್ರವಾಗುತ್ತದೆಂಬ ಅಂಜಿಕೆ. ಆದರೂ ಹೇಳಿದಳು: “ನಾನು ಕೇಳಿದ್ದೇನೆ, ಅಣ್ಣಾ. ಹೇಳುತ್ತೇನೆ, ಬರೆದುಕೊಳ್ಳಿ.”

ಆಚಾರ್ಯರನ್ನು ಈ ಬಂಡೆಯ ಮೇಲೆ ತಂದು ಕೂರಿಸಿದರು. ಅವಳು ಕಣ್ಣು ಮುಚ್ಚಿ ನೆನಪಿನಿಂದಲೇ ಓದತೊಡಗಿದಳು. ಮೂರು ದಿನ ಓದಿದಳು. ಎರಡನೆಯ ದಿನ ಒಂದು ಕಡೆ ಆಚಾರ್ಯರ ಬೆರಳು ಮೇಲೆದ್ದಿತು. ಅವಳು ಓದು ನಿಲ್ಲಿಸಿ, ಹಿಂದಿನ ಸಾಲಿನಿಂದ ಮತ್ತೆ ಹಿಡಿದು ಪದವನ್ನು ತಿದ್ದಿದಳು. ಬೆರಳು ಕೆಳಗಿಳಿಯಿತು. ಆಮೇಲೆ ಅದು ಏಳಲೇ ಇಲ್ಲ. ಕೊನೆಯ ಸಾಲು ಮುಗಿದಾಗ ಆಚಾರ್ಯರು ನವಿಲುಗರಿಯ ಪಿಂಛವನ್ನೆತ್ತಿ ಅವಳನ್ನು ಹರಸಿದರು.

ಈಗಲೂ ಬಂಡೆಯ ಮಗ್ಗುಲಲ್ಲಿ ಒಂದು ಉಬ್ಬುಶಿಲ್ಪ ಕಾಣುತ್ತದೆ. ಮೇಲೆ ಕುಳಿತ ಹೆಂಗಸು. ಕೆಳಗೆ ತೊಡೆಯ ಮೇಲೆ ಗರಿಯಿಟ್ಟುಕೊಂಡು ಅವಳತ್ತ ಮುಖವೆತ್ತಿದ ಗಂಡಸು. ಅದನ್ನು ಉದಯಣ್ಣನೇ ಕೆತ್ತಿಸಿದನೆನ್ನುತ್ತಾರೆ. ಹೊರಗಿನಿಂದ ಬಂದವರು ಅವಳನ್ನು ದೇವಿಯೆಂದು ತಿಳಿದು ಹೂವಿಟ್ಟು ಹೋಗುತ್ತಾರೆ. ಊರವರು ಯಾರೂ ಬೇಡವೆನ್ನುವುದಿಲ್ಲ.