“ನಾನಿಲ್ಲ” ಅಂದ ಎಡಪೆಟ್ಟಿಗೆ

ಒಂದಾನೊಂದು ಮನೆ. ಆ ಮನೆಯಲ್ಲೊಂದು ಹಳೇ ಸ್ಟೀರಿಯೋ. ಅದಕ್ಕೆ ಎರಡು ಸ್ಪೀಕರ್ ಪೆಟ್ಟಿಗೆ. ಬಲಪೆಟ್ಟಿಗೆಯಲ್ಲಿ ಹಾರ್ಮೋನಿಯಂ ಬರೋದು. ಎಡಪೆಟ್ಟಿಗೆಯಲ್ಲಿ ಅಜ್ಜಿ ಬರೋಳು.

ಅಜ್ಜಿ ಅಂದರೆ ಅಜ್ಜಿಯ ದನಿ. ಅಜ್ಜಿ ತೀರಿಕೊಂಡು ಎಷ್ಟೋ ದಿನ ಆಗಿತ್ತು. ಹೋಗೋ ಮೊದಲು ಮೊಮ್ಮಗಳು ಚಂಪಿಗೆ ಅಂತ ಒಂದು ಕ್ಯಾಸೆಟ್ಟಿನಲ್ಲಿ ಹಾಡಿಟ್ಟಿದ್ದಳು. ಆಯುಧಪೂಜೆಗೆ ಸ್ಟೀರಿಯೋನ ಅಟ್ಟದಿಂದ ಇಳಿಸಿದರು. ಒರೆಸಿದರು. ಕುಂಕುಮ ಇಟ್ಟರು. ಮಾರನೇ ದಿನ ತಂತಿ ಸಿಕ್ಕಿಸಿ ಆ ಕ್ಯಾಸೆಟ್ಟು ಹಾಕಿದರು.

ದೀಪ ಹಚ್ಚೋ ಹೊತ್ತು. ಅಮ್ಮ ದೇವರ ಮುಂದೆ. ಇತ್ತ ಚಂಪಿ ಒಬ್ಬಳೇ. ಅಜ್ಜಿ ಹಾಡಿದಳು. ನಿಂತಳು. ಹಾಡಿದಳು. ನಿಂತಳು. ಹಾರ್ಮೋನಿಯಂ ಮಾತ್ರ ಉಸಿರಾಡುತ್ತಲೇ ಇತ್ತು. ಹಾಡಿನ ಕೊನೆಗೆ ಎಡಪೆಟ್ಟಿಗೆ ಮೆಲ್ಲಗೆ ಹೇಳಿತು.

“ಚಂಪೀ... ನಾನಿಲ್ಲ...”

ಅಷ್ಟೇ. ಗಪ್‌ಚಿಪ್. ಚಂಪಿ ಒಂದು ಹೆಜ್ಜೆ ಹಿಂದೆ ಸರಿದಳು. ಓಡಿಹೋಗಬಹುದಿತ್ತು. ಹೋಗಲಿಲ್ಲ. ಅವಳಿಗೆ ಅಜ್ಜಿ ಬೇಕಿತ್ತು.

“ಪೆಟ್ಟಿಗೆ, ಪೆಟ್ಟಿಗೆ, ನನ್ನಜ್ಜಿ ದನಿ ಕೊಡು.”

“ನಾನಲ್ಲ, ನುಂಗಿದ್ದು ನಾನಲ್ಲ. ತಂತಿ ಕೊಟ್ಟರೆ ನಾ ಕೊಡ್ತೀನಿ.”

ತಂತಿ ಕಪಾಟಿನ ಹಿಂದೆ ಕತ್ತಲಲ್ಲಿ ಬಾಲದ ಹಾಗೆ ಬಿದ್ದಿತ್ತು. ಚಂಪಿ ಬಗ್ಗಿದಳು.

“ತಂತಿ, ತಂತಿ, ನೀ ಪೆಟ್ಟಿಗೆಗೆ ಕೊಡು, ಪೆಟ್ಟಿಗೆ ನಂಗೆ ಕೊಡುತ್ತೆ.”

“ನಾನಲ್ಲ, ನುಂಗಿದ್ದು ನಾನಲ್ಲ. ಪಿನ್ನು ಕೊಟ್ಟರೆ ನಾ ಕೊಡ್ತೀನಿ.”

ಅಷ್ಟರಲ್ಲಿ ಇನ್ನೊಂದು ಹಾಡು ಮುಗಿಯಿತು. ಬೆನ್ನ ಹಿಂದೆ ಮತ್ತೆ ಅದೇ ದನಿ.

“ಚಂಪೀ... ನಾನಿಲ್ಲ...”

ಚಂಪಿ ತಿರುಗಿ ನೋಡಲಿಲ್ಲ. ತಂತಿಯ ತುದಿಗೆ ಹೋದಳು. ಅಲ್ಲಿ ಪಿನ್ನು ಸ್ಟೀರಿಯೋ ಬೆನ್ನಿಗೆ ಕಚ್ಚಿಕೊಂಡಿತ್ತು.

“ಪಿನ್ನೇ, ಪಿನ್ನೇ, ನೀ ತಂತಿಗೆ ಕೊಡು, ತಂತಿ ಪೆಟ್ಟಿಗೆಗೆ ಕೊಡುತ್ತೆ, ಪೆಟ್ಟಿಗೆ ನಂಗೆ ಕೊಡುತ್ತೆ.”

“ನಾನಲ್ಲ, ನುಂಗಿದ್ದು ನಾನಲ್ಲ. ತೂತು ಕೊಟ್ಟರೆ ನಾ ಕೊಡ್ತೀನಿ. ಕರೆಂಟಿದೆ, ಮುಟ್ಟಬೇಡ. ಅಮ್ಮನ್ನ ಕರಿ.”

ಅಮ್ಮ ಬಂದಳು. ಸ್ವಿಚ್ಚು ಆರಿಸಿದಳು. ಪ್ಲಗ್ಗು ಕಿತ್ತಳು. ಹಾರ್ಮೋನಿಯಂ ಉಸಿರೂ ನಿಂತಿತು. ಅಮ್ಮ ಪಿನ್ನು ಎಳೆದಳು. ಒಳಗೆ ಕಪ್ಪು ತೂತು.

“ತೂತೇ, ತೂತೇ, ನೀ ಪಿನ್ನಿಗೆ ಕೊಡು, ಪಿನ್ನು ತಂತಿಗೆ ಕೊಡುತ್ತೆ, ತಂತಿ ಪೆಟ್ಟಿಗೆಗೆ ಕೊಡುತ್ತೆ, ಪೆಟ್ಟಿಗೆ ನಂಗೆ ಕೊಡುತ್ತೆ.”

“ನಾನಲ್ಲ, ನುಂಗಿದ್ದು ನಾನಲ್ಲ. ನನ್ನ ಬಾಯಲ್ಲಿ ಕೆಂಪಗೆ ಏನೋ ಕೂತಿದೆ. ಅದು ಬಿಟ್ಟರೆ ನಾ ಕೊಡ್ತೀನಿ.”

ಚಂಪಿ ಇಣುಕಿದಳು. ಕುಂಕುಮ.

“ಕುಂಕುಮ, ಕುಂಕುಮ, ನೀ ತೂತು ಬಿಡು, ತೂತು ಪಿನ್ನಿಗೆ ಕೊಡುತ್ತೆ, ಪಿನ್ನು ತಂತಿಗೆ ಕೊಡುತ್ತೆ, ತಂತಿ ಪೆಟ್ಟಿಗೆಗೆ ಕೊಡುತ್ತೆ, ಪೆಟ್ಟಿಗೆ ನಂಗೆ ಕೊಡುತ್ತೆ.”

“ನಾನಾಗಿ ಬರಲಿಲ್ಲ. ಬೆರಳು ಇಟ್ಟ ಕಡೆ ಕೂತಿದೀನಿ.”

ಯಾರ ಬೆರಳು? ಚಂಪಿ ತನ್ನ ಉಂಗುರದ ಬೆರಳು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪಿತ್ತು.

ಪೂಜೆ ದಿನ ಅಮ್ಮ ಸ್ಟೀರಿಯೋ ಮುಂದೆ ಮಾತ್ರ ಕುಂಕುಮ ಇಟ್ಟಿದ್ದಳು. ಪಾಪ, ಬೆನ್ನಿಗೆ ಇಟ್ಟೇ ಇಲ್ಲ ಅಂತ ಚಂಪಿಗೆ ಅನಿಸಿತ್ತು. ನೀರಲ್ಲಿ ಕಲಸಿ ಎಡ ತೂತಿಗೆ ಇಟ್ಟಿದ್ದಳು. ಬಲ ತೂತು ಕೈಗೆ ಎಟುಕಲಿಲ್ಲ.

ಪೆಟ್ಟಿಗೆ ನಾನಲ್ಲ ಅಂದಿತ್ತು. ತಂತಿ ನಾನಲ್ಲ ಅಂದಿತ್ತು. ಪಿನ್ನು ನಾನಲ್ಲ ಅಂದಿತ್ತು. ತೂತು ನಾನಲ್ಲ ಅಂದಿತ್ತು. ಚಂಪಿ ಹಾಗನ್ನಲಿಲ್ಲ.

“ನಾನೇ ಅಮ್ಮ. ಇಟ್ಟಿದ್ದು ನಾನೇ.”

ಅಮ್ಮ ಬೈಯಲಿಲ್ಲ. ದೇವರ ಮನೆಯಿಂದ ಒಣ ಹತ್ತಿಬತ್ತಿ ತಂದುಕೊಟ್ಟಳು.

ಬೆರಳು ಬತ್ತಿ ಹಿಡಿಯಿತು. ಬತ್ತಿ ಕುಂಕುಮ ಒರೆಸಿತು. ಕುಂಕುಮ ತೂತು ಬಿಟ್ಟಿತು. ತೂತು ಪಿನ್ನು ಕಚ್ಚಿತು. ಅಮ್ಮ ಪ್ಲಗ್ಗು ಸಿಕ್ಕಿಸಿ ಸ್ವಿಚ್ಚು ಹಾಕಿದಳು. ತೂತು ಪಿನ್ನಿಗೆ ಕೊಟ್ಟಿತು. ಪಿನ್ನು ತಂತಿಗೆ ಕೊಟ್ಟಿತು. ತಂತಿ ಪೆಟ್ಟಿಗೆಗೆ ಕೊಟ್ಟಿತು. ಪೆಟ್ಟಿಗೆ ಚಂಪಿಗೆ ಕೊಟ್ಟಿತು.

ಅಜ್ಜಿ ಹಾಡಿದಳು. ನಿಲ್ಲಲಿಲ್ಲ. ಹಾಡು ಮುಗಿಯಿತು. ಅಮ್ಮ ಚಂಪಿಯ ಕೈ ಗಟ್ಟಿಯಾಗಿ ಹಿಡಿದಳು. ಎಡಪೆಟ್ಟಿಗೆ ಮೆಲ್ಲಗೆ ಹೇಳಿತು.

“ಚಂಪೀ... ನಾನಿಲ್ಲೇ ಇದೀನಿ ಕಣೇ.”

ಕಥೆ ಅಲ್ಲಿ, ನಾವು ಇಲ್ಲಿ. ಅಜ್ಜಿ ಎಲ್ಲಿ?

ಇಲ್ಲೇ.