ಸೋದರಮಾವನಿಗೆ ಸಿಕ್ಕ ಜಾಗ

ಅರಸೀಕೆರೆಯ ಒಂದು ಪ್ರೆಸ್ಸಿನ ಕಂಪ್ಯೂಟರಲ್ಲಿ ಕಡ್ಡಿರಾಯ ಅಂತ ಒಬ್ಬ ಫಾಂಟು ಇದ್ದ. ಕೈಬರಹದ ಹಾಗೆ ಕುಣಿಯೋ ಅಕ್ಷರ. ಎಷ್ಟು ಸಪೂರ ಅಂದ್ರೆ, ಸೂಜಿ ಕಣ್ಣಲ್ಲಿ ತೂರಿ, ಮಧ್ಯೆ ನಿಂತು ಮೈಮುರಿದು ಆಕಳಿಸಿ ಬರ್ತಿದ್ದ!

ಒಂದು ಮದುವೆ ಪತ್ರಿಕೆ ಅಚ್ಚಿಗೆ ಬಂತು. ದಪ್ಪ ಫಾಂಟು ಡೊಳ್ಳಯ್ಯ ಅದರ ತುಂಬಾ ಕಾಲು ಚಾಚಿ ಕೂತು ಕಡ್ಡಿರಾಯನಿಗೆ ಅಂದ: "ಮದುವೆ ಅಂದ್ರೆ ಗಾಂಭೀರ್ಯ ಬೇಕಪ್ಪ. ನೀನು ಹೋಗಿ ಉಪ್ಪಿನಕಾಯಿ ಶೀಶೆ ಮೇಲೆ ಕುಣಿ."

ಅಷ್ಟರಲ್ಲಿ ಪ್ರೆಸ್ಸಿಗೆ ಬಂದು ಪತ್ರಿಕೆ ನೋಡ್ತಿದ್ದ ಮದುಮಗಳ ತಾಯಿ ಗಂಗಮ್ಮ ಕೂಗಿಕೊಂಡಳು: "ಅಯ್ಯೋ, ನಮ್ಮಣ್ಣ ಪಾಲಾಕ್ಷಪ್ಪನ ಹೆಸರೇ ಬಿಟ್ಟೋಗಿದೆ! ಸೋದರಮಾವ ಮುನಿಸ್ಕೊಂಡ್ರೆ ಹುಡುಗೀನ ಹಸೆಮಣೆಗೆ ಕರ್ಕೊಂಡು ಬರೋರ್ಯಾರು?"

ಉಳಿದಿದ್ದು ಅಂಚಲ್ಲಿ ಬೆರಳಗಲ ಜಾಗ. ಡೊಳ್ಳಯ್ಯ ಉಸಿರು ಬಿಗಿಹಿಡಿದ, ಹೊಟ್ಟೆ ಜಗ್ಗಲಿಲ್ಲ.

"ತಮ್ಮಾ, ನನ್ನ ಮಾನ ಉಳಿಸೋ."

"ನಿನ್ನ ಮಾನ ಆಮೇಲಣ್ಣ, ಮೊದಲು ಮಾವನದು," ಅಂತ ಕಡ್ಡಿರಾಯ ನುಸುಳಿ, ಹೆಸರನ್ನು ಪೂರ್ತಿ ಹಿಡಿಸಿದ.

ಪತ್ರಿಕೆ ಕೈಗೆ ಬಂದಾಗ ಪಾಲಾಕ್ಷಪ್ಪ ಕಣ್ಣೊರೆಸಿಕೊಂಡ: "ನೋಡ್ರೋ, ಎಲ್ಲರ ಹೆಸರೂ ಮಿಷನ್ನು ಹೊಡೆದಿದ್ದು. ನಂದು ಮಾತ್ರ ನಮ್ಮ ಹುಡುಗಿ ಕೈಯಾರೆ ಬರ್ದವ್ಳೆ!"

ಪತ್ರಿಕೆಯೊಳಗೇ ಡೊಳ್ಳಯ್ಯ ಕಡ್ಡಿರಾಯನಿಗೆ ಕೈಮುಗಿದ. ಅವತ್ತಿಂದ ಅವನು ಎಲ್ಲಿ ಕೂತರೂ, ತಮ್ಮನಿಗೆ ಅಂತ ಬೆರಳಗಲ ಜಾಗ ಬಿಟ್ಟೇ ಕೂರ್ತಾನೆ.